ಜಿಲ್ಲೆ ಆರಿಸಿದರೆ ತಾಲ್ಲೂಕು ತಾನೇ ಬರಲಿ

ಸಂಘದ ಸದಸ್ಯರ ಪಟ್ಟಿ, ಹಳೆಯ ವಿದ್ಯಾರ್ಥಿಗಳ ವಿಳಾಸ, ಪತ್ರಿಕೆಯ ಚಂದಾದಾರರ ಲೆಕ್ಕ, ಇಂಥದ್ದೇನನ್ನಾದರೂ ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಂಡವರಿಗೆ ಈ ಪೇಚಾಟ ಹೊಸದಲ್ಲ. ಜಿಲ್ಲೆಯ ಕಾಲಂನಲ್ಲಿ ಒಬ್ಬರು ಗುಲ್ಬರ್ಗ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಕಲಬುರ್ಗಿ, ಮತ್ತೊಬ್ಬರು ಕಲಬುರಗಿ. ಓದುವವರಿಗೆ ಮೂರೂ ಒಂದೇ ಊರು. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಜಿಲ್ಲೆಗಳು. ಜಿಲ್ಲಾವಾರು ಲೆಕ್ಕ ತೆಗೆದಾಗ ಒಂದೇ ಜಿಲ್ಲೆಯ ಜನ ಮೂರು ಸಾಲುಗಳಲ್ಲಿ ಚದುರಿಹೋಗುತ್ತಾರೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದರೂ ಬೆರಳುಗಳು ಹಳೆಯ ರೂಢಿ ಬಿಟ್ಟಿಲ್ಲ. ಬಿಜಾಪುರವೂ ಬರುತ್ತದೆ, ವಿಜಯಪುರವೂ ಬರುತ್ತದೆ.

ಇದಕ್ಕೆ ಮದ್ದು, ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವಂತೆ ಮಾಡುವುದು. ಕೋಶದ ಮೂಲೆಯಲ್ಲಿ ಸಣ್ಣ ಬಾಣದ ಗುರುತು, ಒತ್ತಿದರೆ ಕೆಳಗೆ ಇಳಿಯುವ ಹೆಸರುಗಳು. ಇದನ್ನೇ ಡ್ರಾಪ್‌ಡೌನ್ ಎನ್ನುತ್ತೇವೆ. ಕರ್ನಾಟಕದ 31 ಜಿಲ್ಲೆಗಳನ್ನು ಹೀಗೆ ಇಳಿಬಿಡುವುದು ಸುಲಭ. ತೊಡಕು ಶುರುವಾಗುವುದು ಪಕ್ಕದ ಕಾಲಂನಲ್ಲಿ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಒಂದೇ ಪಟ್ಟಿಯಲ್ಲಿ ಸುರಿದರೆ ಹುಡುಕುವವರ ಕಣ್ಣು ಸೋಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕೊಡಗಿನ ಎದುರು ಸಿರುಗುಪ್ಪ ಬಂದು ಕುಳಿತರೂ ಯಾರೂ ತಡೆಯುವುದಿಲ್ಲ. ಕೊಡಗು ಎಂದು ಆರಿಸಿದ ಕೂಡಲೇ ಪಕ್ಕದ ಕೋಶದಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ ಮಾತ್ರ ಕಾಣಬೇಕು. ಮೊದಲ ಆಯ್ಕೆಯನ್ನು ನೋಡಿ ತನ್ನನ್ನು ಬದಲಿಸಿಕೊಳ್ಳುವ ಈ ಎರಡನೆಯ ಪಟ್ಟಿಗೆ ಅವಲಂಬಿತ ಡ್ರಾಪ್‌ಡೌನ್ ಎಂದು ಹೆಸರು.

ಇದನ್ನು ಮಾಡುವ ದಾರಿಗಳು ಹಲವು. ಅವುಗಳಲ್ಲಿ ಯಾವುದು ಕರ್ನಾಟಕದ ವಿಳಾಸಗಳಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಮೊದಲೇ ತಿಳಿದರೆ ಮುಂದಿನ ಎಷ್ಟೋ ತಿದ್ದುವ ಕೆಲಸ ಉಳಿಯುತ್ತದೆ.

ಒಂದು ಸೂಚನೆ. ಈ ಲೇಖನದಲ್ಲಿ ಸೂತ್ರಗಳ ಹೆಸರು, ಕಾಲಂಗಳ ಅಕ್ಷರ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ನಿಮ್ಮ ಹಾಳೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹಾಳೆಗಳ ಹೆಸರು, ಜಿಲ್ಲೆ ತಾಲ್ಲೂಕುಗಳ ಹೆಸರು ಕನ್ನಡದಲ್ಲೇ ಇರಬಹುದು.

ಮೊದಲು ಪಟ್ಟಿ, ಆಮೇಲೆ ಸೂತ್ರ

ಹೊಸ ಕಡತದಲ್ಲಿ ಎರಡು ಹಾಳೆ ಮಾಡಿಕೊಳ್ಳಿ. ಒಂದರ ಹೆಸರು ದಾಖಲೆ, ಇನ್ನೊಂದರದು ಪಟ್ಟಿ. ದಾಖಲೆಯಲ್ಲಿ ಎ ಕಾಲಂ ಕ್ರಮಸಂಖ್ಯೆ, ಬಿ ಹೆಸರು, ಸಿ ಜಿಲ್ಲೆ, ಡಿ ತಾಲ್ಲೂಕು.

ಪಟ್ಟಿ ಹಾಳೆಯಲ್ಲಿ ಎ ಕಾಲಂಗೆ ಜಿಲ್ಲೆ, ಬಿ ಕಾಲಂಗೆ ತಾಲ್ಲೂಕು ಎಂಬ ತಲೆಬರಹ ಕೊಟ್ಟು, ಒಂದು ತಾಲ್ಲೂಕಿಗೆ ಒಂದು ಸಾಲಿನಂತೆ ಬರೆಯುತ್ತಾ ಹೋಗಿ. ಬಳ್ಳಾರಿಯ ಮುಂದೆ ಬಳ್ಳಾರಿ, ಮುಂದಿನ ಸಾಲಿನಲ್ಲಿ ಮತ್ತೆ ಬಳ್ಳಾರಿಯ ಮುಂದೆ ಸಂಡೂರು, ಹಾಗೆಯೇ ಸಿರುಗುಪ್ಪ, ಕಂಪ್ಲಿ, ಕುರುಗೋಡು. ಜಿಲ್ಲೆಯ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯಬೇಕು. ಒಮ್ಮೆ ಬರೆದು ಕೆಳಗಿನ ಕೋಶಗಳನ್ನು ಖಾಲಿ ಬಿಡುವುದು, ಕೋಶಗಳನ್ನು ಕೂಡಿಸಿ ದೊಡ್ಡದು ಮಾಡುವುದು, ಇವೆರಡೂ ಬೇಡ. ನೋಡಲು ಚೆನ್ನಾಗಿ ಕಾಣುತ್ತದೆ, ಹುಡುಕುವ ಸೂತ್ರಕ್ಕೆ ಮಾತ್ರ ಮೊದಲ ತಾಲ್ಲೂಕೊಂದೇ ಸಿಗುತ್ತದೆ. ಬರೆದು ಮುಗಿಸಿದ ಮೇಲೆ ಎ ಕಾಲಂನ ಆಧಾರದ ಮೇಲೆ ಇಡೀ ಪಟ್ಟಿಯನ್ನು ಸಾರ್ಟ್ ಮಾಡಿ. ಯಾವ ಕ್ರಮದಲ್ಲಿ ಬಂದರೂ ಅಡ್ಡಿಯಿಲ್ಲ, ಒಂದು ಜಿಲ್ಲೆಯ ಸಾಲುಗಳೆಲ್ಲ ಒಟ್ಟಿಗೆ ಇರುವುದು ಮುಖ್ಯ. ಅದೇ ಹಾಳೆಯ ಡಿ ಕಾಲಂನಲ್ಲಿ 31 ಜಿಲ್ಲೆಗಳನ್ನು ಒಂದೊಂದೇ ಸಲ ಬರೆಯಿರಿ. ಅದು ಡಿ2ರಿಂದ ಡಿ32ರವರೆಗೆ ಹಿಡಿಯುತ್ತದೆ.

ಹೆಸರುಗಳನ್ನು ನೆನಪಿನಿಂದ ಬರೆಯಬೇಡಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ದೇಶದ ಪ್ರತಿ ಜಿಲ್ಲೆ, ಉಪಜಿಲ್ಲೆ, ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ, ಪಟ್ಟಿಯನ್ನು ಇಳಿಸಿಕೊಳ್ಳಲೂಬಹುದು. ಹೆಚ್ಚು ಕಾಲ ಉಳಿಯಬೇಕಾದ ದಾಖಲೆಯಾದರೆ ಪಟ್ಟಿ ಹಾಳೆಯ ಸಿ ಕಾಲಂನಲ್ಲಿ ಆ ಸಂಖ್ಯೆಯನ್ನೂ ಇಟ್ಟುಕೊಳ್ಳಿ. ಊರಿನ ಹೆಸರು ಬದಲಾದರೂ ಹಳೆಯ ಹೆಸರನ್ನು ಹೊಸದರೊಂದಿಗೆ ಹೊಂದಿಸಲು ಒಂದು ಆಧಾರ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಮಾಡುವ ಬಗೆ

ದಾಖಲೆ ಹಾಳೆಯಲ್ಲಿ ಸಿ2ರಿಂದ ಬೇಕಾದಷ್ಟು ಸಾಲು ಆಯ್ದುಕೊಳ್ಳಿ, ಸಿ500ರವರೆಗೆ ಎಂದುಕೊಳ್ಳೋಣ. ಮೇಲಿನ ಡೇಟಾ ಟ್ಯಾಬ್‌ನಲ್ಲಿ ಡೇಟಾ ವ್ಯಾಲಿಡೇಷನ್ ಒತ್ತಿ. ತೆರೆಯುವ ಪೆಟ್ಟಿಗೆಯ ಅಲೋ ಎಂಬಲ್ಲಿ ಲಿಸ್ಟ್ ಆರಿಸಿ, ಸೋರ್ಸ್ ಎಂಬಲ್ಲಿ ಹೀಗೆ ಬರೆಯಿರಿ:

='ಪಟ್ಟಿ'!$ಡಿ$2:$ಡಿ$32

ಹಾಳೆಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಇಡುವುದು ಕನ್ನಡ ಹೆಸರಿಗೆ ಕ್ಷೇಮ. ಓಕೆ ಒತ್ತಿದರೆ ಜಿಲ್ಲೆಯ ಪಟ್ಟಿ ಸಿದ್ಧ. ಸಿ2ರಲ್ಲಿ ಒಂದು ಜಿಲ್ಲೆಯನ್ನು ಆರಿಸಿಟ್ಟೇ ಮುಂದಕ್ಕೆ ಹೋಗಿ. ಸಿ2 ಖಾಲಿ ಇದ್ದರೆ ಮುಂದಿನ ಹಂತದಲ್ಲಿ ಸೋರ್ಸ್‌ನಲ್ಲಿ ದೋಷವಿದೆ, ಮುಂದುವರಿಯಬೇಕೇ ಎಂದು ಎಕ್ಸೆಲ್ ಕೇಳುತ್ತದೆ. ಆಗ ಎಸ್ ಒತ್ತಿದರೂ ಏನೂ ಕೆಡುವುದಿಲ್ಲ, ಆದರೆ ಹೊಸಬರು ಅಲ್ಲೇ ಗಾಬರಿಯಾಗಿ ಕೈಬಿಡುತ್ತಾರೆ.

ಈಗ ಡಿ2ರಿಂದ ಡಿ500 ಆಯ್ದು, ಮತ್ತೆ ಡೇಟಾ ವ್ಯಾಲಿಡೇಷನ್, ಲಿಸ್ಟ್, ಸೋರ್ಸ್‌ನಲ್ಲಿ ಇದು:

=ಆಫ್‌ಸೆಟ್('ಪಟ್ಟಿ'!$ಬಿ$1, ಮ್ಯಾಚ್($ಸಿ2,'ಪಟ್ಟಿ'!$ಎ:$ಎ,0)-1, 0, ಕೌಂಟ್‌ಇಫ್('ಪಟ್ಟಿ'!$ಎ:$ಎ,$ಸಿ2), 1)

ಇಷ್ಟೇ ಸೂತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಮುಂದೆ ಹೋಗಬಹುದು. ಆದರೆ ಒಳಗೇನು ನಡೆಯುತ್ತದೆ ಎಂದು ತಿಳಿದವರಿಗೆ ಕೆಟ್ಟಾಗ ರಿಪೇರಿ ಮಾಡುವುದೂ ಗೊತ್ತಾಗುತ್ತದೆ. ಮ್ಯಾಚ್ ಎನ್ನುವುದು ಸಿ2ರಲ್ಲಿರುವ ಜಿಲ್ಲೆಯನ್ನು ಪಟ್ಟಿಯ ಎ ಕಾಲಂನಲ್ಲಿ ಹುಡುಕಿ, ಅದು ಮೊದಲು ಕಾಣುವ ಸಾಲಿನ ಸಂಖ್ಯೆ ಹೇಳುತ್ತದೆ. ಕೊನೆಯ ಸೊನ್ನೆಯ ಅರ್ಥ, ಅಕ್ಷರಶಃ ಅದೇ ಹೆಸರು ಬೇಕು, ಹತ್ತಿರದ್ದು ಸಾಲದು ಎಂದು. ಕೌಂಟ್‌ಇಫ್ ಆ ಜಿಲ್ಲೆ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ. ಆಫ್‌ಸೆಟ್ ಇವೆರಡನ್ನೂ ಹಿಡಿದು ಬಿ1ರಿಂದ ಅಷ್ಟು ಸಾಲು ಕೆಳಗಿಳಿದು, ಎಣಿಸಿದಷ್ಟು ಸಾಲುಗಳ ಒಂದು ತುಂಡನ್ನು ಕತ್ತರಿಸಿ ಕೊಡುತ್ತದೆ. ಒಂದು ಜಿಲ್ಲೆಯ ಸಾಲುಗಳು ಒಟ್ಟಿಗಿರಬೇಕು ಎಂದದ್ದು ಇದಕ್ಕೇ. ನಡುವೆ ಬೇರೆ ಜಿಲ್ಲೆ ನುಸುಳಿದ್ದರೆ ಅದರ ತಾಲ್ಲೂಕೂ ಈ ತುಂಡಿನೊಳಗೆ ಸೇರಿಬಿಡುತ್ತದೆ.

ಡಾಲರ್ ಗುರುತುಗಳ ಕಡೆ ಗಮನವಿರಲಿ. $ಸಿ2 ಎಂಬಲ್ಲಿ 2ರ ಹಿಂದೆ ಡಾಲರ್ ಇಲ್ಲ. ಇದ್ದಿದ್ದರೆ ಎಲ್ಲ ಸಾಲುಗಳೂ ಸಿ2ರ ಜಿಲ್ಲೆಯನ್ನೇ ನೋಡುತ್ತಾ ಕೂರುತ್ತಿದ್ದವು. ಅವಲಂಬಿತ ಪಟ್ಟಿ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಹಲವಕ್ಕೆ ಕಾರಣ ಈ ಒಂದು ಗುರುತು.

ಪೆಟ್ಟಿಗೆ ಮುಚ್ಚುವ ಮುನ್ನ ಇಗ್ನೋರ್ ಬ್ಲ್ಯಾಂಕ್ ಎಂಬುದರ ಮುಂದಿನ ಟಿಕ್ ತೆಗೆಯಿರಿ. ಅದು ಇದ್ದರೆ ಜಿಲ್ಲೆಯ ಕೋಶ ಖಾಲಿ ಇರುವಾಗ ತಾಲ್ಲೂಕಿನ ಕೋಶದಲ್ಲಿ ಏನು ಟೈಪ್ ಮಾಡಿದರೂ ಒಳಗೆ ಹೋಗುವ ಸಂಭವವಿದೆ. ಎರರ್ ಅಲರ್ಟ್ ಎಂಬ ಮೂರನೆಯ ಟ್ಯಾಬ್‌ನಲ್ಲಿ ಸ್ಟಾಪ್ ಇರಲಿ, ಅದರ ಪಕ್ಕದ ಜಾಗದಲ್ಲಿ "ಪಟ್ಟಿಯಿಂದ ತಾಲ್ಲೂಕನ್ನು ಆರಿಸಿ" ಎಂದು ಕನ್ನಡದಲ್ಲೇ ಬರೆಯಿರಿ. ದಾಖಲೆ ತುಂಬುವವರು ನೀವಲ್ಲದೆ ಬೇರೆಯವರಾದಾಗ ಈ ಒಂದು ಸಾಲು ಅವರಿಗೆ ದಾರಿ ತೋರಿಸುತ್ತದೆ. ಮೌಸ್ ಬಳಸದವರು ಆಲ್ಟ್ ಹಿಡಿದು ಕೆಳಬಾಣ ಒತ್ತಿದರೂ ಪಟ್ಟಿ ತೆರೆಯುತ್ತದೆ.

ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು ಡೇಟಾ ಮೆನುವಿನ ವ್ಯಾಲಿಡಿಟಿಗೆ ಹೋಗಿ ಸೆಲ್ ರೇಂಜ್ ಆರಿಸಿ ಇದೇ ಸೂತ್ರ ಕೊಡಬಹುದು. ಹಾಳೆಯ ಹೆಸರಿನ ನಂತರ ಆಶ್ಚರ್ಯಸೂಚಕದ ಬದಲು ಅಲ್ಲಿ ಚುಕ್ಕೆ ಬರುತ್ತದೆ.

ಇನ್‌ಡೈರೆಕ್ಟ್ ದಾರಿ ನಮಗೇಕೆ ಬೇಡ

ಬಹಳಷ್ಟು ಪಾಠಗಳು ಕಲಿಸುವುದು ಬೇರೊಂದು ಉಪಾಯ. ಪ್ರತಿ ಜಿಲ್ಲೆಗೂ ಒಂದು ಕಾಲಂ ಮಾಡಿ, ಆ ಕಾಲಂಗೆ ಜಿಲ್ಲೆಯ ಹೆಸರನ್ನೇ ಇಟ್ಟು, ಎರಡನೆಯ ಪಟ್ಟಿಯ ಸೋರ್ಸ್‌ನಲ್ಲಿ =ಇನ್‌ಡೈರೆಕ್ಟ್($ಸಿ2) ಎಂದು ಬರೆಯುವುದು. ಸಿ2ರಲ್ಲಿ ಏನು ಬರೆದಿದೆಯೋ ಆ ಹೆಸರಿನ ಕಾಲಂ ಎದ್ದು ಬರುತ್ತದೆ. ಹಣ್ಣು, ತರಕಾರಿ ಎಂದು ಎರಡು ವರ್ಗ ಇಟ್ಟುಕೊಂಡು ತೋರಿಸಿದರೆ ಸೊಗಸಾಗಿ ನಡೆಯುತ್ತದೆ. ನಮ್ಮ ಜಿಲ್ಲೆಗಳಿಗೆ ಹಚ್ಚಿದ ಕೂಡಲೇ ಮುಗ್ಗರಿಸುತ್ತದೆ.

ಮೊದಲ ತೊಡಕು ಹೆಸರಿನ ನಡುವಿನ ಖಾಲಿ ಜಾಗ. ಎಕ್ಸೆಲ್‌ನಲ್ಲಿ ಒಂದು ರೇಂಜ್‌ಗೆ ಇಡುವ ಹೆಸರಿನಲ್ಲಿ ಖಾಲಿ ಜಾಗ ಇರುವಂತಿಲ್ಲ, ಅದು ಅಂಕಿಯಿಂದ ಶುರುವಾಗುವಂತೆಯೂ ಇಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಇವೆಲ್ಲ ಇಲ್ಲೇ ನಿಲ್ಲುತ್ತವೆ. ಸಬ್‌ಸ್ಟಿಟ್ಯೂಟ್ ಬಳಸಿ ಖಾಲಿ ಜಾಗವನ್ನು ಅಡಿಗೆರೆಯಾಗಿಸಿ ದಾಟಬಹುದು, ನಿಜ.

ಎರಡನೆಯದನ್ನು ದಾಟುವುದು ಕಷ್ಟ. ತಾಲ್ಲೂಕಿನ ಕೆಳಗೆ ಹೋಬಳಿಯ ಪಟ್ಟಿಯೂ ಬೇಕು ಎನ್ನಿ. ಮೈಸೂರು ಜಿಲ್ಲೆಗೆ ಮೈಸೂರು ಎಂಬ ಹೆಸರಿನ ರೇಂಜ್ ಇದೆ, ಅದರಲ್ಲಿ ನಂಜನಗೂಡು, ಹುಣಸೂರು, ಪಿರಿಯಾಪಟ್ಟಣ ಮುಂತಾದ ತಾಲ್ಲೂಕುಗಳಿವೆ. ಆದರೆ ಮೈಸೂರು ಒಂದು ತಾಲ್ಲೂಕೂ ಹೌದು, ಅದರ ಹೋಬಳಿಗಳಿಗೂ ಮೈಸೂರು ಎಂಬ ಹೆಸರಿನದೇ ರೇಂಜ್ ಬೇಕು. ಒಂದು ಕಡತದ ಮಟ್ಟದಲ್ಲಿ ಒಂದೇ ಹೆಸರಿನ ಎರಡು ರೇಂಜ್ ಇರಲಾರವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ, ವಿಜಯನಗರದಂಥ ಕೆಲವನ್ನು ಬಿಟ್ಟರೆ ನಮ್ಮ ಹೆಚ್ಚಿನ ಜಿಲ್ಲೆಗಳ ಹೆಸರು ಅವುಗಳ ಕೇಂದ್ರ ತಾಲ್ಲೂಕಿನ ಹೆಸರೇ ಆಗಿದೆ. 2025ರಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಅದೇ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲೇ ಇದೆ. ಊರಿನ ಹೆಸರನ್ನೇ ಸೂತ್ರದ ಕೀಲಿಯಾಗಿಸುವ ವಿಧಾನಕ್ಕೆ ಇಂಥ ನಾಡು ಒಗ್ಗುವುದಿಲ್ಲ.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. ಗಡಿಗಳು ಬದಲಾಗುತ್ತವೆ. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅಲ್ಲಿಗೆ ಹೋಯಿತು. ಕಾಲಂಗೊಂದು ಜಿಲ್ಲೆ ಎಂಬ ಏರ್ಪಾಡಿನಲ್ಲಿ ವಿಜಯನಗರಕ್ಕೆ ಹೊಸ ಕಾಲಂ ತೆರೆದು, ಹೆಸರಿಟ್ಟು, ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿಗಳನ್ನು ಒಂದೊಂದಾಗಿ ಕಿತ್ತು ನೆಡಬೇಕು, ರೇಂಜ್‌ಗಳ ಉದ್ದ ತಿದ್ದಬೇಕು. ಎರಡು ಕಾಲಂಗಳ ನಮ್ಮ ಪಟ್ಟಿಯಲ್ಲಿ ಆರು ಸಾಲುಗಳ ಎ ಕಾಲಂನಲ್ಲಿ ಬಳ್ಳಾರಿಯನ್ನು ವಿಜಯನಗರ ಮಾಡಿ, ಇನ್ನೊಮ್ಮೆ ಸಾರ್ಟ್ ಮಾಡಿ, ಡಿ ಕಾಲಂಗೆ ಒಂದು ಹೆಸರು ಸೇರಿಸಿ, ಜಿಲ್ಲೆಯ ಸೋರ್ಸ್‌ನ ಕೊನೆಯ ಸಾಲಿನ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ ಮುಗಿಯಿತು. ತಾಲ್ಲೂಕಿನ ಸೂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದ್ದು ಎಂಬ ಸಂಗತಿ ಸಾಲಿನಲ್ಲಿ ಮಾಹಿತಿಯಾಗಿ ಇರಬೇಕು, ಸೂತ್ರದ ಒಳಗೆ ಅಡಗಿರಬಾರದು.

ಪಟ್ಟಿ ಬದಲಾಯಿಸಿದಾಗ ಹಳೆಯ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ. ಡೇಟಾ ವ್ಯಾಲಿಡೇಷನ್ ತಡೆಯುವುದು ಹೊಸದಾಗಿ ಬರೆಯುವುದನ್ನು ಮಾತ್ರ. 2010ರಲ್ಲಿ ಹರಪನಹಳ್ಳಿ, ದಾವಣಗೆರೆ ಎಂದು ಬರೆದ ಸಾಲು ಹಾಗೆಯೇ ಉಳಿಯುತ್ತದೆ. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ವರ್ಷವಾರು ದಾಖಲೆಯಾದರೆ ಅದನ್ನು ತಿದ್ದಬೇಡಿ. ಇವತ್ತು ಅಂಚೆ ಹೋಗಬೇಕಾದ ವಿಳಾಸವಾದರೆ ತಿದ್ದಿ.

ಜಿಲ್ಲೆ ಬದಲಾಯಿತು, ತಾಲ್ಲೂಕು ಉಳಿಯಿತು

ಅವಲಂಬಿತ ಪಟ್ಟಿಯ ನಿಜವಾದ ದೌರ್ಬಲ್ಯ ಇಲ್ಲಿದೆ. ಒಬ್ಬರು ಕೊಡಗು ಆರಿಸಿ, ಮಡಿಕೇರಿ ಆರಿಸಿ, ಆಮೇಲೆ ತಪ್ಪಾಯಿತೆಂದು ಜಿಲ್ಲೆಯನ್ನು ಮೈಸೂರು ಮಾಡಿದರೆ ಮಡಿಕೇರಿ ಅಲ್ಲೇ ಉಳಿಯುತ್ತದೆ. ಎಕ್ಸೆಲ್ ಎಚ್ಚರಿಸುವುದಿಲ್ಲ. ಹೊರನೋಟಕ್ಕೆ ಎರಡೂ ಪಟ್ಟಿಯಿಂದ ಬಂದ ಶುದ್ಧ ಹೆಸರುಗಳೇ ಆದ್ದರಿಂದ ಇಂಥ ತಪ್ಪು ಟೈಪಿಂಗ್ ತಪ್ಪಿಗಿಂತ ಹೆಚ್ಚು ಕಾಲ ಬಚ್ಚಿಟ್ಟುಕೊಳ್ಳುತ್ತದೆ.

ಎರಡು ಕಾವಲು ಇಡಿ. ಒಂದು, ಬಣ್ಣ. ಡಿ2ರಿಂದ ಡಿ500 ಆಯ್ದು, ಹೋಮ್ ಟ್ಯಾಬ್‌ನ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಸೂತ್ರ ಬಳಸುವ ಹೊಸ ನಿಯಮ ಆರಿಸಿ ಇದನ್ನು ಕೊಡಿ:

=ಆಂಡ್($ಡಿ2<>"", ಕೌಂಟ್‌ಇಫ್ಸ್('ಪಟ್ಟಿ'!$ಎ:$ಎ,$ಸಿ2,'ಪಟ್ಟಿ'!$ಬಿ:$ಬಿ,$ಡಿ2)=0)

ತುಂಬುವ ಬಣ್ಣ ಕೆಂಪು ಇರಲಿ. ಜಿಲ್ಲೆ ಮತ್ತು ತಾಲ್ಲೂಕು ಜೋಡಿಯಾಗಿ ಪಟ್ಟಿಯಲ್ಲಿ ಇಲ್ಲದಿದ್ದರೆ ಕೋಶ ತಕ್ಷಣ ಕೆಂಪಾಗುತ್ತದೆ. ಹಳೆಯ ದಾಖಲೆಗಳನ್ನು ಪರಿಶೀಲಿಸಲೂ ಇದೇ ಸಾಕು.

ಇನ್ನೊಂದು, ಬೀಗ. ಪಟ್ಟಿ ಹಾಳೆಯ ಎಫ್1ರಲ್ಲಿ "ಮೊದಲು ತಾಲ್ಲೂಕನ್ನು ಅಳಿಸಿ" ಎಂದು ಬರೆಯಿರಿ. ದಾಖಲೆ ಹಾಳೆಯ ಸಿ ಕಾಲಂನ ಸೋರ್ಸ್ ಅನ್ನು =ಇಫ್($ಡಿ2="",'ಪಟ್ಟಿ'!$ಡಿ$2:$ಡಿ$32,'ಪಟ್ಟಿ'!$ಎಫ್$1) ಎಂದು ಬದಲಿಸಿ. ತಾಲ್ಲೂಕು ತುಂಬಿರುವಾಗ ಜಿಲ್ಲೆಯ ಬಾಣ ಒತ್ತಿದರೆ ಜಿಲ್ಲೆಗಳ ಬದಲು ಆ ಸೂಚನೆಯೊಂದೇ ಕಾಣುತ್ತದೆ. ಯಾರಾದರೂ ಸೂಚನೆಯನ್ನೇ ಆರಿಸಿಬಿಟ್ಟರೆ ಪಕ್ಕದ ತಾಲ್ಲೂಕು ಕೆಂಪಾಗಿ ಹಿಡಿದುಕೊಡುತ್ತದೆ. ನನ್ನ ಮಟ್ಟಿಗೆ ಬಣ್ಣ ಕಡ್ಡಾಯ, ಬೀಗ ಅನೇಕ ಕೈಗಳು ತುಂಬುವ ಹಾಳೆಗೆ ಮಾತ್ರ.

ಗೂಗಲ್ ಶೀಟ್ಸ್‌ನಲ್ಲಿ

ಇಲ್ಲಿ ಡ್ರಾಪ್‌ಡೌನ್‌ಗೆ ಆಧಾರವಾಗಿ ಕೋಶಗಳ ಸಾಲನ್ನು ಕೊಡಬಹುದೇ ಹೊರತು ಆಫ್‌ಸೆಟ್‌ನಂಥ ಸೂತ್ರ ಕೊಡಲಾಗದು. ಆದ್ದರಿಂದ ಎಕ್ಸೆಲ್‌ನಲ್ಲಿ ಮಾಡಿದ ಕಡತವನ್ನು ಗೂಗಲ್ ಡ್ರೈವ್‌ಗೆ ಏರಿಸಿದರೆ ತಾಲ್ಲೂಕಿನ ಪಟ್ಟಿ ಬರುತ್ತದೆಂದು ನೆಚ್ಚಬೇಡಿ. ಇಲ್ಲಿನ ದಾರಿ, ಪ್ರತಿ ಸಾಲಿಗೂ ಬೇಕಾದ ತಾಲ್ಲೂಕುಗಳನ್ನು ಅದೇ ಸಾಲಿನ ಬಲತುದಿಯಲ್ಲಿ ಹರಡಿ, ಅದನ್ನು ಮರೆಮಾಡಿ, ಡ್ರಾಪ್‌ಡೌನ್ ಅಲ್ಲಿಂದ ಎತ್ತಿಕೊಳ್ಳುವಂತೆ ಮಾಡುವುದು.

ಹೊಸ ಹಾಳೆಯಲ್ಲಿ ಜೆಡ್ ಕಾಲಂವರೆಗೆ ಮಾತ್ರ ಇರುತ್ತದೆ. ಬಲಗಡೆ ಇನ್ನೂ 20 ಕಾಲಂ ಸೇರಿಸಿ, ಎಎಯಿಂದ ಎಟಿವರೆಗೆ ಆಗುತ್ತದೆ. ಬೆಳಗಾವಿಯಂಥ ದೊಡ್ಡ ಜಿಲ್ಲೆಗೂ ಇಷ್ಟು ಸಾಕು. ಎಎ2ರಲ್ಲಿ:

=ಇಫ್($ಸಿ2="","",ಇಫ್‌ಎರರ್(ಟ್ರಾನ್ಸ್‌ಪೋಸ್(ಫಿಲ್ಟರ್('ಪಟ್ಟಿ'!$ಬಿ$2:$ಬಿ,'ಪಟ್ಟಿ'!$ಎ$2:$ಎ=$ಸಿ2))))

ಫಿಲ್ಟರ್ ಜಿಲ್ಲೆಗೆ ಸೇರಿದ ತಾಲ್ಲೂಕುಗಳನ್ನು ಸೋಸುತ್ತದೆ, ಟ್ರಾನ್ಸ್‌ಪೋಸ್ ಅವನ್ನು ಅಡ್ಡಕ್ಕೆ ಹರಡುತ್ತದೆ. ಈ ದಾರಿಯಲ್ಲಿ ಪಟ್ಟಿ ಸಾರ್ಟ್ ಆಗಿರಬೇಕೆಂಬ ಕಟ್ಟಳೆ ಇಲ್ಲ. ಸೂತ್ರವನ್ನು ಎಎ500ರವರೆಗೆ ಎಳೆಯಿರಿ. ಈಗ ಡಿ2ರಿಂದ ಡಿ500 ಆಯ್ದು, ಡೇಟಾ ಮೆನುವಿನ ಡೇಟಾ ವ್ಯಾಲಿಡೇಷನ್‌ನಲ್ಲಿ ಹೊಸ ನಿಯಮ ಸೇರಿಸಿ, ರೇಂಜ್‌ನಿಂದ ಬರುವ ಡ್ರಾಪ್‌ಡೌನ್ ಆರಿಸಿ =ಎಎ2:ಎಟಿ2 ಎಂದು ಕೊಡಿ. ತಂತಾನೇ ಡಾಲರ್ ಗುರುತು ಸೇರಿಕೊಂಡಿದ್ದರೆ ಅಳಿಸಿ, ಇಲ್ಲವಾದರೆ ಎಲ್ಲ ಸಾಲುಗಳೂ ಎರಡನೆಯ ಸಾಲಿನ ತಾಲ್ಲೂಕುಗಳನ್ನೇ ತೋರಿಸುತ್ತವೆ. ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ರಿಜೆಕ್ಟ್ ಇನ್‌ಪುಟ್ ಗುರುತಿಸಿ, ಕೊನೆಗೆ ಎಎಯಿಂದ ಎಟಿವರೆಗಿನ ಕಾಲಂಗಳನ್ನು ಹೈಡ್ ಮಾಡಿ. ನೆರವಿನ ಕಾಲಂಗಳನ್ನು ಬೇರೆ ಹಾಳೆಯಲ್ಲಿ ಇಡುವವರೂ ಇದ್ದಾರೆ. ಆದರೆ ದಾಖಲೆಯಲ್ಲಿ ನಡುವಿನ ಒಂದು ಸಾಲು ಅಳಿಸಿದಾಗ ಎರಡು ಹಾಳೆಗಳ ಸಾಲುಗಳು ಜೋಡಿ ತಪ್ಪುತ್ತವೆ. ಒಂದೇ ಹಾಳೆಯಲ್ಲಿದ್ದರೆ ಆ ಭಯವಿಲ್ಲ.

ಹೊಸ ಎಕ್ಸೆಲ್‌ನಲ್ಲೂ ಫಿಲ್ಟರ್ ಇದೆ. ಆದರೆ ಅದನ್ನು ನೇರವಾಗಿ ಸೋರ್ಸ್ ಪೆಟ್ಟಿಗೆಯಲ್ಲಿ ಬರೆದರೆ ಒಪ್ಪುವುದಿಲ್ಲ, ಯಾವುದಾದರೂ ಕೋಶದಲ್ಲಿ ಹರಡಿಯೇ ಬಳಸಬೇಕು. ಸಾಲುಸಾಲಾಗಿ ತುಂಬುವ ದಾಖಲೆಗೆ ಆಫ್‌ಸೆಟ್ ಸೂತ್ರವೇ ಹಗುರ.

ಕಸಬಾ ಹೋಬಳಿ ಎಲ್ಲಿಯದು?

ಮೂರನೆಯ ಹಂತಕ್ಕೆ ಹೋಬಳಿ ಎಂಬ ಹಾಳೆ ಮಾಡಿ ಎ ಕಾಲಂನಲ್ಲಿ ತಾಲ್ಲೂಕು, ಬಿಯಲ್ಲಿ ಹೋಬಳಿ ಬರೆದು ಅದೇ ಸೂತ್ರವನ್ನು ಈ ಹಾಳೆಗೂ $ಡಿ2ಕ್ಕೂ ಹೊಂದಿಸಿದರೆ ಇ ಕಾಲಂ ಸಿದ್ಧವಾಗುತ್ತದೆ. ನಾಲ್ಕನೆಯ ಹಂತವಾದ ಗ್ರಾಮಕ್ಕೆ ಹೋದಾಗ ಎಚ್ಚರ ಬೇಕು. ಕಸಬಾ ಹೋಬಳಿ ಒಂದೆರಡು ತಾಲ್ಲೂಕುಗಳಲ್ಲಿ ಮಾತ್ರ ಇರುವುದಲ್ಲ, ರಾಜ್ಯದ ಉದ್ದಗಲಕ್ಕೂ ಇದೆ. ಹೋಬಳಿಯ ಹೆಸರೊಂದನ್ನೇ ಹಿಡಿದು ಹುಡುಕಿದರೆ ಹುಣಸೂರಿನ ಕಸಬಾಕ್ಕೆ ಇನ್ಯಾವುದೋ ತಾಲ್ಲೂಕಿನ ಹಳ್ಳಿಗಳು ಬರುತ್ತವೆ. ಗ್ರಾಮ ಹಾಳೆಯ ಎ ಕಾಲಂನಲ್ಲಿ ಎರಡೂ ಹೆಸರುಗಳನ್ನು ಜೋಡಿಸಿ, ನಡುವೆ ಒಂದು ನಿಲುಗೆರೆ ಇಟ್ಟು, ಹುಣಸೂರು|ಕಸಬಾ ಎಂದು ಬರೆಯಿರಿ. ಸೂತ್ರದಲ್ಲಿ ಮ್ಯಾಚ್ ಮತ್ತು ಕೌಂಟ್‌ಇಫ್ ಎರಡರಲ್ಲೂ $ಸಿ2 ಇದ್ದ ಜಾಗಕ್ಕೆ $ಡಿ2&"|"&$ಇ2 ಬರಲಿ. ಸೂತ್ರದೊಳಗಿನ ಹಾಳೆಯ ಹೆಸರೂ ಗ್ರಾಮ ಎಂದಾಗಲಿ. ಸಾವಿರಾರು ಹಳ್ಳಿಗಳಿರುವ ಪಟ್ಟಿಯಾದರೂ ಕಣ್ಣಿಗೆ ಬೀಳುವುದು ಆ ಹೋಬಳಿಯವು ಮಾತ್ರ.

ಹೆಸರು ಇದೆ, ಸಿಗುತ್ತಿಲ್ಲ

ಎಲ್ಲ ಸರಿಯಾಗಿ ಮಾಡಿದರೂ ಒಂದು ಜಿಲ್ಲೆಗೆ ಮಾತ್ರ ಪಟ್ಟಿ ತೆರೆಯದಿದ್ದರೆ, ಪಟ್ಟಿ ಹಾಳೆಯ ಡಿ ಕಾಲಂನ ಹೆಸರೂ ಎ ಕಾಲಂನ ಹೆಸರೂ ಒಂದೇ ಅಲ್ಲ ಎಂದರ್ಥ. ಹೆಚ್ಚಾಗಿ ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಉಳಿದಿರುತ್ತದೆ. ಟ್ರಿಮ್ ಸೂತ್ರ ಅದನ್ನು ಕತ್ತರಿಸುತ್ತದೆ. ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆ, ಹೆಚ್.ಡಿ.ಕೋಟೆ, ಹೆಗ್ಗಡದೇವನಕೋಟೆ ಎಂಬಂಥ ರೂಪಗಳಲ್ಲಿ ಒಂದನ್ನು ನಿಗದಿಮಾಡಿ ಅದನ್ನೇ ಎಲ್ಲೆಡೆ ಇಡಿ.

ಕನ್ನಡಕ್ಕೇ ವಿಶೇಷವಾದ ತೊಡಕೊಂದಿದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಯೂನಿಕೋಡ್‌ನಲ್ಲಿ ಬರೆದ ಶಿವಮೊಗ್ಗಕ್ಕೂ ಆ ಶಿವಮೊಗ್ಗಕ್ಕೂ ಕಂಪ್ಯೂಟರಿನ ಮಟ್ಟಿಗೆ ಸಂಬಂಧವೇ ಇಲ್ಲ. ಹಳೆಯ ಕಡತದಿಂದ ಹೆಸರುಗಳನ್ನು ತರುವಾಗ ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್‌ಗೆ ಬದಲಿಸಿಯೇ ಪಟ್ಟಿಗೆ ಸೇರಿಸಬೇಕು.

ಡ್ರಾಪ್‌ಡೌನ್ ಇರುವ ಕೋಶದ ಮೇಲೆ ಬೇರೆಡೆಯಿಂದ ನಕಲು ಮಾಡಿದ್ದನ್ನು ಅಂಟಿಸಿದರೆ ನಿಯಮವೇ ಅಳಿಸಿಹೋಗಬಹುದು. ಅಂಟಿಸಲೇಬೇಕಾದರೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ. ಆಗ ನಿಯಮ ಉಳಿಯುತ್ತದೆ, ಅಂಟಿಸಿದ್ದು ತಪ್ಪಾಗಿದ್ದರೆ ಕೆಂಪು ಬಣ್ಣ ತೋರಿಸಿಕೊಡುತ್ತದೆ. ಎಕ್ಸೆಲ್‌ನ ಡೇಟಾ ವ್ಯಾಲಿಡೇಷನ್ ಬಾಣದ ಕೆಳಗೆ ಸರ್ಕಲ್ ಇನ್‌ವ್ಯಾಲಿಡ್ ಡೇಟಾ ಎಂಬುದಿದೆ. ನಿಯಮ ಮೀರಿದ ಕೋಶಗಳ ಸುತ್ತ ಅದು ಕೆಂಪು ವೃತ್ತ ಎಳೆಯುತ್ತದೆ. ಬೀಗ ಹಾಕದ ಹಾಳೆಯಲ್ಲಿ ತಿಂಗಳಿಗೊಮ್ಮೆ ಒತ್ತಿ ನೋಡಿ. ಪಟ್ಟಿ ಹಾಳೆಯನ್ನು ಹೈಡ್ ಮಾಡಿ, ಪ್ರೊಟೆಕ್ಟ್ ಶೀಟ್‌ನಿಂದ ಕಾಪಾಡಿ, ಅದನ್ನು ತಿದ್ದುವ ಹೊಣೆ ಒಬ್ಬರಿಗೇ ಇರಲಿ.

ಇಡೀ ಏರ್ಪಾಡನ್ನು ಮೊಬೈಲಿನಲ್ಲಿ ಕಟ್ಟಲು ಹೋಗಬೇಡಿ, ಕಂಪ್ಯೂಟರಿನಲ್ಲೇ ಮಾಡಿ. ಕಟ್ಟಿದ ಮೇಲೆ ಎಕ್ಸೆಲ್, ಗೂಗಲ್ ಶೀಟ್ಸ್ ಎರಡರ ಮೊಬೈಲ್ ಆ್ಯಪ್‌ಗಳಲ್ಲೂ ಪಟ್ಟಿಯಿಂದ ಆರಿಸಿ ತುಂಬಬಹುದು. ಜನರಿಂದ ನೇರವಾಗಿ ಮಾಹಿತಿ ಪಡೆಯಲು ಗೂಗಲ್ ಫಾರ್ಮ್ಸ್ ಬಳಸುವವರಿಗೆ ಮಾತ್ರ ಈ ಸೂತ್ರ ಒದಗುವುದಿಲ್ಲ. ಅಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯವಿದೆ, ಜಿಲ್ಲೆಗೊಂದು ಸೆಕ್ಷನ್ ಮಾಡಿ ಅದರಲ್ಲಿ ತಾಲ್ಲೂಕುಗಳನ್ನು ಇಡಬೇಕು. ಮೂರು ನಾಲ್ಕು ಜಿಲ್ಲೆಗಳ ಸಂಘಕ್ಕೆ ಅದು ಸಾಧ್ಯ. ರಾಜ್ಯವಿಡೀ ಹರಡಿದ ಸಂಘವಾದರೆ ಫಾರ್ಮ್‌ನಲ್ಲಿ ಜಿಲ್ಲೆಯನ್ನಷ್ಟೇ ಕೇಳಿ, ತಾಲ್ಲೂಕನ್ನು ಆಮೇಲೆ ದಾಖಲೆ ಹಾಳೆಯಲ್ಲಿ ಆರಿಸಿ ತುಂಬುವುದು ಲೇಸು.